ಭಾರತ ಸಂವಿಧಾನದ ಪ್ರಸ್ತಾವನೆಯನ್ನು ಓದುವ ಬಗೆ

ಭಾರತ ಸಂವಿಧಾನದ ಪ್ರಸ್ತಾವನೆ ಒಂದೇ ವಾಕ್ಯದಲ್ಲಿದೆ. ನವೆಂಬರ್ 26ರ ಸಂವಿಧಾನ ದಿನದಂದು, ಶಾಲೆಗಳಲ್ಲಿ, ಸಭೆ ಸಮಾರಂಭಗಳ ಆರಂಭದಲ್ಲಿ ಅದನ್ನು ಒಕ್ಕೊರಲಿನಿಂದ ಓದುವುದು ಈಗ ರೂಢಿಯಾಗಿದೆ. ಅದು ಬಾಯಿಪಾಠವಾಗಿರುವವರು ಬಹಳ ಮಂದಿ ಇದ್ದಾರೆ. ಆದರೆ ಆ ವಾಕ್ಯದಲ್ಲಿ ಎಷ್ಟು ಉದ್ದೇಶಗಳಿವೆ, ಒಂದೊಂದು ಉದ್ದೇಶವೂ ಮುಂದಿನ ಯಾವ ವಿಧಿಯಲ್ಲಿ ನೆಲೆ ಕಂಡಿದೆ, ಅದನ್ನು ನಡೆಸಿಕೊಡಬೇಕಾದವರು ಯಾರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಪದಗಳನ್ನು ಕೇಳಿ ಕೇಳಿ ಕಿವಿ ಪಳಗಿಹೋಗಿರುವುದರಿಂದ, ಅವುಗಳೊಳಗಿರುವ ಹೊಣೆಯ ಭಾರ ನಮಗೆ ತಟ್ಟುವುದಿಲ್ಲ. ಈ ಬರಹದಲ್ಲಿ ವಿವರಿಸಿರುವ ಓದಿನ ಕ್ರಮ ಆ ಭಾರವನ್ನು ಮತ್ತೆ ಗುರುತಿಸಲು ನೆರವಾಗುತ್ತದೆ. ಪ್ರಸ್ತಾವನೆಯ ಪ್ರತಿಯೊಂದು ಪದವನ್ನೂ ಒಂದು ವಾಗ್ದಾನವೆಂದು ಹಿಡಿದು, ಆ ವಾಗ್ದಾನದ ವಿಳಾಸವನ್ನು ಸಂವಿಧಾನದೊಳಗೆ ಹುಡುಕಿಕೊಂಡು ಹೋಗುವುದೇ ಈ ಕ್ರಮ.

ಇದಕ್ಕೆ ಕಾನೂನು ಪದವಿ ಬೇಕಿಲ್ಲ. ಸಂವಿಧಾನದ ಮೂಲಪಾಠ, ಒಂದು ನೋಟ್‌ಬುಕ್ಕು, ಕೆಲವು ಸಂಜೆಗಳ ಬಿಡುವು ಇದ್ದರೆ ಸಾಕು.

ಕೈಗೆ ಯಾವ ಪಾಠ ಬೇಕು

ವ್ಯಾಖ್ಯಾನಗಳಿಂದ ಆರಂಭಿಸಬೇಡಿ. ಸರ್ಕಾರ ಪ್ರಕಟಿಸಿರುವ ಕನ್ನಡ ಆವೃತ್ತಿಯನ್ನೂ ಅದರ ಪಕ್ಕದಲ್ಲಿ ಇಂಗ್ಲಿಷ್ ಪಾಠವನ್ನೂ ಇಟ್ಟುಕೊಳ್ಳಿ. ಸಂವಿಧಾನ ರಚನಾ ಸಭೆ 1949ರಲ್ಲಿ ಅಂಗೀಕರಿಸಿದ್ದು ಇಂಗ್ಲಿಷ್ ಪಾಠವಾದುದರಿಂದ, ಕನ್ನಡದ ಒಂದು ಪದದ ಅರ್ಥ ಎರಡು ಕಡೆಗೆ ಎಳೆಯುತ್ತಿದೆ ಎನಿಸಿದಾಗ ಅದನ್ನು ತೆರೆದು ನೋಡಬೇಕಾಗುತ್ತದೆ. ಇತ್ತೀಚಿನ ತಿದ್ದುಪಡಿಗಳವರೆಗೆ ಪರಿಷ್ಕರಿಸಿದ ಆವೃತ್ತಿಯನ್ನೇ ಆರಿಸಿಕೊಳ್ಳಿ. ಪುಟದ ಕೆಳಗಿನ ಅಡಿಟಿಪ್ಪಣಿಗಳನ್ನು ಬಿಟ್ಟು ಓದಬೇಡಿ, ಏಕೆಂದರೆ ಯಾವ ಪದ ಯಾವ ತಿದ್ದುಪಡಿಯಿಂದ ಬಂತು, ಯಾವುದು ಬಿಟ್ಟುಹೋಯಿತು ಎಂಬುದು ಅಲ್ಲಿರುತ್ತದೆ.

ವಾಕ್ಯವನ್ನು ಬಿಡಿಸಿಕೊಳ್ಳುವುದು

ಶಾಲೆಯಲ್ಲಿ ಕಲಿತ ವ್ಯಾಕರಣ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಮೊದಲು ಕರ್ತೃಪದವನ್ನು ಗುರುತಿಸಿ. ‘ಭಾರತದ ಜನತೆಯಾದ ನಾವು’ ಎಂಬುದೇ ಕರ್ತೃ. ಅನಂತರ ಎಲ್ಲ ವಿಶೇಷಣಗಳನ್ನೂ ದಾಟಿ ವಾಕ್ಯದ ಕೊನೆಗೆ ಹೋಗಿ ಕ್ರಿಯಾಪದವನ್ನು ಹಿಡಿಯಿರಿ. ‘ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ’ ಎಂದು ಅಲ್ಲಿದೆ. ಕೊಡುವವರೂ ಪಡೆಯುವವರೂ ಒಬ್ಬರೇ ಎಂಬುದನ್ನು ಕನ್ನಡದ ‘ಕೊಳ್ಳು’ ಎಂಬ ಒಂದು ಸಹಾಯಕ ಕ್ರಿಯಾಪದ ಎಷ್ಟು ಅಡಕವಾಗಿ ಹೇಳುತ್ತದೆ ಎಂಬುದನ್ನು ಗಮನಿಸಿ. ಈ ಸಂವಿಧಾನವನ್ನು ಯಾವ ಅರಸನೂ ಅನುಗ್ರಹಿಸಲಿಲ್ಲ, ಯಾವ ಪರಕೀಯ ಸಂಸತ್ತೂ ದಯಪಾಲಿಸಲಿಲ್ಲ.

ಈ ಮಾತಿನ ವಿಳಾಸ ಗ್ರಂಥದ ಇನ್ನೊಂದು ತುದಿಯಲ್ಲಿದೆ. ಕೊನೆಯ ವಿಧಿಯಾದ 395ನ್ನು ತೆರೆಯಿರಿ. 1935ರ ಭಾರತ ಸರ್ಕಾರ ಕಾಯ್ದೆಯನ್ನೂ 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯನ್ನೂ ಅದು ರದ್ದುಪಡಿಸುತ್ತದೆ. ಎರಡೂ ಬ್ರಿಟಿಷ್ ಸಂಸತ್ತು ಮಾಡಿದ ಕಾಯ್ದೆಗಳು. ನಮಗೆ ಸ್ವಾತಂತ್ರ್ಯ ಕೊಟ್ಟಿತೆನ್ನುವ ಕಾಯ್ದೆಯನ್ನೇ ರದ್ದುಮಾಡಿ ನಿಲ್ಲುವ ಧೈರ್ಯ ಆ ಚಿಕ್ಕ ವಿಧಿಯಲ್ಲಿದೆ. ಇಂಗ್ಲಿಷ್ ಪಾಠದ ಮೊದಲ ಪದವಾದ ‘ನಾವು’ ಮತ್ತು ಕೊನೆಯ ವಿಧಿಯಾದ 395 ಒಂದನ್ನೊಂದು ಹಿಡಿದು ನಿಂತಿವೆ ಎಂಬುದು ಹೀಗೆ ಓದಿದಾಗ ಮಾತ್ರ ಕಾಣುತ್ತದೆ.

ಆದರೆ ‘ನಾವು’ ಎಂಬ ಪದದ ಮುಂದೆ ಇನ್ನೂ ಒಂದು ಕ್ಷಣ ನಿಲ್ಲಬೇಕು. ಸಂವಿಧಾನ ರಚನಾ ಸಭೆಯನ್ನು ಇಡೀ ದೇಶದ ವಯಸ್ಕರು ಮತ ಹಾಕಿ ಆರಿಸಿರಲಿಲ್ಲ. ಪ್ರಾಂತಗಳ ಪ್ರತಿನಿಧಿಗಳನ್ನು 1946ರಲ್ಲಿ ಪ್ರಾಂತೀಯ ಶಾಸನಸಭೆಗಳು ಆರಿಸಿದವು, ಮತ್ತು ಆ ಶಾಸನಸಭೆಗಳ ಚುನಾವಣೆಯಲ್ಲಿ ಮತಾಧಿಕಾರವಿದ್ದದ್ದು ಆಸ್ತಿ, ವಿದ್ಯಾಭ್ಯಾಸ ಮೊದಲಾದ ಅರ್ಹತೆಗಳಿದ್ದ ಸೀಮಿತ ಜನರಿಗೆ. ಸಂಸ್ಥಾನಗಳ ಪ್ರತಿನಿಧಿಗಳು ಬೇರೆ ರೀತಿಯಲ್ಲಿ ಬಂದರು. ಹಾಗಾದರೆ ‘ನಾವು’ ಎಂದು ಹೇಳುವ ಅಧಿಕಾರ ಆ ಸಭೆಗೆ ಎಲ್ಲಿಂದ ಬಂತು? ಉತ್ತರವನ್ನು 326ನೆಯ ವಿಧಿಯಲ್ಲಿ ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ಓದು ಬರಹ ಬಾರದವರು, ಆಸ್ತಿಯಿಲ್ಲದವರು, ಹೆಂಗಸರು ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವಯಸ್ಕ ನಾಗರಿಕರಿಗೂ ಮತದ ಹಕ್ಕನ್ನು ಅದು ಒಂದೇ ಏಟಿಗೆ ಕೊಟ್ಟಿತು. ಆಗ ವಯಸ್ಸಿನ ಮಿತಿ 21 ವರ್ಷ. 61ನೆಯ ತಿದ್ದುಪಡಿ ಅದನ್ನು 18ಕ್ಕೆ ಇಳಿಸಿತು. 1951–52ರ ಮೊದಲ ಮಹಾಚುನಾವಣೆಯಲ್ಲಿ ಜನ ಸಾಲುಗಟ್ಟಿ ನಿಂತಾಗ, 1949ರಲ್ಲಿ ಅವರ ಪರವಾಗಿ ಆಡಿದ್ದ ‘ನಾವು’ ಎಂಬ ಮಾತು ಸಲ್ಲುವ ಮಾತಾಯಿತು. ಪ್ರಸ್ತಾವನೆಯ ಕರ್ತೃಪದವೇ ಒಂದು ವಾಗ್ದಾನವೆಂದು ಓದಬೇಕಾದುದು ಇದೇ ಕಾರಣಕ್ಕೆ.

ಮೂರು ‘ಅಲು’ಗಳು

ಈಗ ಪೆನ್ಸಿಲ್ ತೆಗೆದುಕೊಂಡು ‘ಅಲು’ ಎಂದು ಮುಗಿಯುವ ಕ್ರಿಯಾರೂಪಗಳ ಕೆಳಗೆ ಗೆರೆ ಎಳೆಯಿರಿ. ಉದ್ದೇಶವನ್ನು ಕನ್ನಡ ಸೂಚಿಸುವುದು ಆ ರೂಪದಿಂದ. ಭಾರತವನ್ನು ಗಣರಾಜ್ಯವನ್ನಾಗಿ ರಚಿಸಲು, ಎಲ್ಲ ನಾಗರಿಕರಿಗೂ ನ್ಯಾಯ, ಸ್ವಾತಂತ್ರ್ಯ, ಸಮಾನತೆ ದೊರೆಯುವಂತೆ ಮಾಡಲು, ಅವರೆಲ್ಲರಲ್ಲಿ ಭ್ರಾತೃತ್ವವನ್ನು ವೃದ್ಧಿಗೊಳಿಸಲು ಎಂಬ ಮೂರು ಉದ್ದೇಶಗಳು ಸಿಗುತ್ತವೆ. ವಾಕ್ಯದಲ್ಲಿ ಉಳಿದದ್ದೆಲ್ಲ ಈ ಮೂರರ ವಿವರಣೆ.

ಮೂರೂ ಕ್ರಿಯೆಗಳು ಒಂದೇ ಬಗೆಯವಲ್ಲ. ಮೊದಲನೆಯದು ರಾಷ್ಟ್ರದ ರೂಪವನ್ನು ಹೇಳುತ್ತದೆ, ಉಳಿದೆರಡು ಆ ರೂಪ ಯಾವ ಫಲಕ್ಕಾಗಿ ಎಂಬುದನ್ನು ಹೇಳುತ್ತವೆ. ಗಣರಾಜ್ಯವೆಂಬುದು ಸಾಧನ, ನ್ಯಾಯ ಮೊದಲಾದವು ಸಾಧಿಸಬೇಕಾದ ಗುರಿ. ಚುನಾವಣೆ, ಸಂಸತ್ತು, ರಾಷ್ಟ್ರಪತಿಯ ಹುದ್ದೆ ಇವೆಲ್ಲ ಕ್ರಮವಾಗಿ ನಡೆಯುತ್ತಿದ್ದರೂ ನ್ಯಾಯ ದೊರೆಯದಿದ್ದರೆ ಸಂವಿಧಾನದ ಕೆಲಸ ಅರ್ಧದಲ್ಲಿದೆ ಎಂದೇ ಅರ್ಥ. ಎರಡನೆಯ ಮತ್ತು ಮೂರನೆಯ ಕ್ರಿಯೆಗಳ ನಡುವೆಯೂ ವ್ಯತ್ಯಾಸವಿದೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳನ್ನು ‘ದೊರೆಯುವಂತೆ ಮಾಡುವ’ ಹೊಣೆಯನ್ನು ಹೊರಬಹುದು. ಕಾಯ್ದೆ ಮಾಡಬಹುದು, ನ್ಯಾಯಾಲಯ ಆದೇಶಿಸಬಹುದು. ಭ್ರಾತೃತ್ವವನ್ನು ಹಾಗೆ ದೊರಕಿಸಿಕೊಡಲು ಬಾರದು, ಅದನ್ನು ಬೆಳೆಸಬಹುದಷ್ಟೆ. ಕರಡನ್ನು ರೂಪಿಸಿದವರು ಈ ಎರಡು ಕ್ರಿಯಾಪದಗಳನ್ನು ತೂಗಿಯೇ ಬಳಸಿದ್ದಾರೆಂದು ನಾನು ನಂಬುತ್ತೇನೆ.

ಪದದಿಂದ ವಿಧಿಗೆ

ನೋಟ್‌ಬುಕ್ಕಿನಲ್ಲಿ ಒಂದೊಂದು ಪದಕ್ಕೂ ಒಂದೊಂದು ಪುಟ ಮೀಸಲಿಡಿ. ಪ್ರತಿ ಪುಟದಲ್ಲೂ ಮೂರು ಪ್ರಶ್ನೆಗಳಿರಲಿ. ಈ ವಾಗ್ದಾನ ಯಾರಿಗೆ? ಇದನ್ನು ನಡೆಸಬೇಕಾದವರು ಯಾರು? ನಡೆಯದಿದ್ದರೆ ಎಲ್ಲಿಗೆ ಹೋಗಬೇಕು? ಸಂವಿಧಾನದ 3ನೆಯ ಭಾಗವಾದ ಮೂಲಭೂತ ಹಕ್ಕುಗಳನ್ನೂ 4ನೆಯ ಭಾಗವಾದ ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನೂ ಓದುತ್ತ ಈ ಪುಟಗಳನ್ನು ತುಂಬುತ್ತ ಹೋಗಬೇಕು.

ಸಮಾನತೆಯಿಂದ ಆರಂಭಿಸುವುದು ಸುಲಭ, ಏಕೆಂದರೆ 14ರಿಂದ 18ರವರೆಗಿನ ವಿಧಿಗಳು ಒಟ್ಟಿಗೇ ಇವೆ. ಪ್ರಸ್ತಾವನೆ ಹೇಳುವುದು ಸ್ಥಾನಮಾನದ ಸಮಾನತೆ ಮತ್ತು ಅವಕಾಶದ ಸಮಾನತೆ. ಸ್ಥಾನಮಾನಕ್ಕೆ ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸುವ 17ನೆಯ ವಿಧಿಯೂ ಬಿರುದುಗಳನ್ನು ರದ್ದುಗೊಳಿಸುವ 18ನೆಯ ವಿಧಿಯೂ ವಿಳಾಸವಾದರೆ, ಅವಕಾಶಕ್ಕೆ ಸರ್ಕಾರಿ ಉದ್ಯೋಗವನ್ನು ಕುರಿತ 16ನೆಯ ವಿಧಿ ವಿಳಾಸ. ಮೊದಲ ಪ್ರಶ್ನೆಯನ್ನು ಇಲ್ಲಿ ಹಾಕಿದ ಕೂಡಲೇ ಒಂದು ಸೂಕ್ಷ್ಮ ತೆರೆದುಕೊಳ್ಳುತ್ತದೆ. ಪ್ರಸ್ತಾವನೆ ನಾಗರಿಕರ ಹೆಸರೆತ್ತುತ್ತದೆ. 15, 16, 19ನೆಯ ವಿಧಿಗಳ ಹಕ್ಕುಗಳೂ ನಾಗರಿಕರಿಗೆ ಸೇರಿದವು. ಆದರೆ 14 ಮತ್ತು 21ನೆಯ ವಿಧಿಗಳು ‘ಯಾವ ವ್ಯಕ್ತಿಗೂ’ ಎನ್ನುತ್ತವೆ. ಕಾನೂನಿನ ಮುಂದಿನ ಸಮಾನತೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯಗಳ ರಕ್ಷಣೆ ಈ ನೆಲದಲ್ಲಿರುವ ವಿದೇಶೀಯನಿಗೂ ಉಂಟು. ವಾಗ್ದಾನಕ್ಕಿಂತ ವಿಧಿ ವಿಶಾಲವಾಗಿರುವ ಇಂತಹ ಜಾಗಗಳನ್ನು ಗುರುತು ಹಾಕಿಕೊಳ್ಳಿ.

ಎರಡನೆಯ ಪ್ರಶ್ನೆಗೂ ಇಲ್ಲಿ ಒಳ್ಳೆಯ ಪಾಠವಿದೆ. ಮೂಲಭೂತ ಹಕ್ಕುಗಳು ಸರ್ಕಾರವನ್ನು ಮಾತ್ರ ಕಟ್ಟಿಹಾಕುತ್ತವೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. 15ನೆಯ ವಿಧಿಯ 2ನೆಯ ಖಂಡವನ್ನು ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ದಿನನಿತ್ಯದ ಜಾಗಗಳನ್ನು ಹೆಸರಿಟ್ಟು ಹೇಳಿ, ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಅಲ್ಲಿ ಯಾವ ನಾಗರಿಕನನ್ನೂ ತಡೆಯಕೂಡದೆಂದು ಅದು ವಿಧಿಸುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯ ಆಚರಣೆಯನ್ನು ಯಾವುದೇ ರೂಪದಲ್ಲಿ ನಿಷೇಧಿಸುತ್ತದೆ. ಇವೆರಡರ ಹೊಣೆ ಸರ್ಕಾರದಷ್ಟೇ ನೆರೆಹೊರೆಯವರ ಮೇಲೂ ಬೀಳುತ್ತದೆ. ಒಂದು ಕಾಲದಲ್ಲಿ ನೀರು ಸೇದಲು ಬಿಡದ ಬಾವಿಕಟ್ಟೆಗಳ ನೆನಪು ಆ ಖಂಡದ ಒಂದೊಂದು ನಾಮಪದದಲ್ಲೂ ಇದೆ. ಅಸ್ಪೃಶ್ಯತೆಯ ಆಚರಣೆಯನ್ನು ದಂಡಿಸುವ 1955ರ ಕಾಯ್ದೆ, ಅದು ಸಾಲದೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 17ನೆಯ ವಿಧಿಯ ಮಾತನ್ನು ನಡೆಸುವುದಕ್ಕಾಗಿ.

ಸ್ವಾತಂತ್ರ್ಯದ ಪುಟದಲ್ಲಿ 19, 21 ಮತ್ತು 25ರಿಂದ 28ರವರೆಗಿನ ವಿಧಿಗಳನ್ನು ಬರೆದುಕೊಳ್ಳಿ. 19ನೆಯ ವಿಧಿಯನ್ನು ಓದುವಾಗ ಮೊದಲ ಖಂಡವನ್ನಷ್ಟೇ ಓದಿ ನಿಲ್ಲಿಸುವುದು ಬಹುತೇಕರು ಮಾಡುವ ತಪ್ಪು. ಸ್ವಾತಂತ್ರ್ಯಗಳನ್ನು ಕೊಟ್ಟ ಅದೇ ವಿಧಿಯ 2ರಿಂದ 6ರವರೆಗಿನ ಖಂಡಗಳು ಯಾವ ಯಾವ ಕಾರಣಗಳಿಗೆ ನಿರ್ಬಂಧ ಹೇರಬಹುದೆಂಬುದನ್ನು ಹೇಳುತ್ತವೆ. ಅಲ್ಲಿರುವ ಮುಖ್ಯ ಪದ ‘ಯುಕ್ತ’, ಅಂದರೆ ನಿರ್ಬಂಧ ಯುಕ್ತವಾಗಿರಬೇಕು. ಆ ಯುಕ್ತತೆಯನ್ನು ತೂಗುವ ಕೆಲಸವನ್ನು ನ್ಯಾಯಾಲಯಕ್ಕೆ ಬಿಟ್ಟಿರುವುದರಿಂದ, ಹಕ್ಕಿನ ನಿಜವಾದ ಅಗಲ ತಿಳಿಯಬೇಕಾದರೆ ಎರಡನ್ನೂ ಸೇರಿಸಿಯೇ ಓದಬೇಕು.

ಮೂರನೆಯ ಪ್ರಶ್ನೆಗೆ ಈ ಎರಡು ಪುಟಗಳಲ್ಲೂ ಉತ್ತರ ಸ್ಪಷ್ಟ. 32ನೆಯ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿಗೆ, 226ನೆಯ ವಿಧಿಯ ಪ್ರಕಾರ ಹೈಕೋರ್ಟಿಗೆ ರಿಟ್ ಅರ್ಜಿಯೊಂದಿಗೆ, ಅಂದರೆ ಹಕ್ಕನ್ನು ಜಾರಿಗೊಳಿಸುವ ಆದೇಶ ಕೋರುವ ಅರ್ಜಿಯೊಂದಿಗೆ, ಹೋಗಬಹುದು. 32ನೆಯ ವಿಧಿಯನ್ನು ಅಂಬೇಡ್ಕರ್ ಅವರು ಸಂವಿಧಾನದ ಹೃದಯವೆಂದೂ ಆತ್ಮವೆಂದೂ ಕರೆದದ್ದು ಸುಪರಿಚಿತ. ಪರಿಹಾರದ ದಾರಿಯಿಲ್ಲದ ಹಕ್ಕು ಕಾಗದದಲ್ಲಿ ಉಳಿಯುತ್ತದೆಂಬ ಅರಿವು ಆ ಮಾತಿನ ಹಿಂದಿದೆ.

ನ್ಯಾಯದ ಪುಟವೇ ತೊಡಕಿನದು, ಆದ್ದರಿಂದಲೇ ಅದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯವೆಂದು ಪ್ರಸ್ತಾವನೆ ಹೇಳುವ ಮಾತು 38ನೆಯ ವಿಧಿಯಲ್ಲಿ ಹೆಚ್ಚುಕಡಿಮೆ ಅದೇ ಪದಗಳಲ್ಲಿ ಮರಳಿ ಬರುತ್ತದೆ. ಸಂಪತ್ತು ಕೆಲವರ ಕೈಯಲ್ಲೇ ಶೇಖರವಾಗಿ ಸಮುದಾಯಕ್ಕೆ ಹಾನಿಯಾಗಬಾರದೆಂಬುದೂ ಸಮಾನ ಕೆಲಸಕ್ಕೆ ಸಮಾನ ವೇತನವೂ 39ರಲ್ಲಿವೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರ ದುರ್ಬಲ ವರ್ಗಗಳ ಹಿತರಕ್ಷಣೆ 46ರಲ್ಲಿದೆ. ಇವೆಲ್ಲ ನಿರ್ದೇಶಕ ತತ್ವಗಳು. ಇವನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದು, ಆದರೂ ದೇಶದ ಆಡಳಿತಕ್ಕೆ ಇವು ಮೂಲಭೂತ ಎಂದು 37ನೆಯ ವಿಧಿ ಹೇಳುತ್ತದೆ. ಈ ಬಗೆಯ ತತ್ವಗಳನ್ನು ಪ್ರತ್ಯೇಕವಾಗಿ ಬರೆಯುವ ಪದ್ಧತಿ 1937ರ ಐರ್ಲೆಂಡ್ ಸಂವಿಧಾನದಿಂದ ಬಂತು. ಮೂರನೆಯ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಸಿಗುವುದಿಲ್ಲ ಎಂದು ನಿರಾಶರಾಗಿ ಪುಟ ಮಗುಚಿದವರು ಸಂವಿಧಾನದ ಒಂದು ಮುಖ್ಯ ಚಲನೆಯನ್ನೇ ಕಾಣದೆ ಹೋಗುತ್ತಾರೆ.

ಆ ಚಲನೆಯನ್ನು ತೋರಿಸಲು ಶಿಕ್ಷಣದ ಕಥೆಗಿಂತ ಒಳ್ಳೆಯ ಉದಾಹರಣೆಯಿಲ್ಲ. 1950ರ 45ನೆಯ ವಿಧಿ, ಸಂವಿಧಾನ ಜಾರಿಗೆ ಬಂದ 10 ವರ್ಷಗಳೊಳಗೆ 14 ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು (ಅಂದರೆ ಸರ್ಕಾರ) ಪ್ರಯತ್ನಿಸತಕ್ಕದ್ದೆಂದು ಹೇಳಿತ್ತು. ನಿರ್ದೇಶಕ ತತ್ವಗಳಲ್ಲಿ ಕಾಲಮಿತಿ ಇದ್ದದ್ದು ಅದೊಂದಕ್ಕೇ. ಆ ಗಡುವು 1960ರಲ್ಲಿ ಮುಗಿಯಿತು, ಮಕ್ಕಳು ಮಾತ್ರ ಹೊರಗೇ ಉಳಿದರು. ಮೂರು ದಶಕಗಳ ಬಳಿಕ, ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕದ ಪ್ರಶ್ನೆಯಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಶಿಕ್ಷಣದ ಹಕ್ಕನ್ನು 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಕಂಡಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು 14ರ ವಯಸ್ಸಿನವರೆಗಿನ ಹಕ್ಕೆಂದು ಖಚಿತಪಡಿಸಿತು. 2002ರ 86ನೆಯ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ‘21ಎ’ ಎಂಬ ಮೂಲಭೂತ ಹಕ್ಕನ್ನಾಗಿ ಬರೆಯಿತು. 2009ರಲ್ಲಿ ಕಾಯ್ದೆ ಆಯಿತು, 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 4ನೆಯ ಭಾಗದ ಒಂದು ಆಶಯ 3ನೆಯ ಭಾಗದ ಹಕ್ಕಾಗಿ ದಾಟಿಬರಲು 60 ವರ್ಷ ಹಿಡಿಯಿತು. ಈ ವಿಳಂಬ ನೋವಿನ ಸಂಗತಿ. ಅಷ್ಟಾದರೂ ಆ ದಾರಿಯ ಪ್ರತಿ ಹೆಜ್ಜೆಯಲ್ಲೂ ವಾದ ಮಾಡುವವರಿಗೆ ಆಧಾರವಾಗಿ ನಿಂತದ್ದು 1950ರಲ್ಲಿ ಬರೆದಿಟ್ಟ ಆ ಸಾಲು. ಜಾರಿಯಾಗದ ತತ್ವವನ್ನು ಏಕೆ ಬರೆಯಬೇಕೆಂದು ಕೇಳುವವರಿಗೆ ನಾನು ಈ ಕಥೆಯನ್ನು ಹೇಳುತ್ತೇನೆ. ನೀವೂ ನಿಮ್ಮ ಪುಟದಲ್ಲಿ ಒಂದು ತತ್ವವನ್ನು ಆರಿಸಿಕೊಂಡು ಅದರ ಪ್ರಯಾಣವನ್ನು ಹೀಗೆ ಇಸವಿಗಳೊಂದಿಗೆ ಬರೆದು ನೋಡಿ.

ಹಿಂದಕ್ಕೆ ಹೋಗುವುದು

ಪದಗಳ ವಿಳಾಸ ಸಿಕ್ಕ ಮೇಲೆ ಅವುಗಳ ಹುಟ್ಟನ್ನು ಹುಡುಕಬೇಕು. ಇದಕ್ಕೆ ಎರಡು ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಒಳ್ಳೆಯ ವಿಧಾನ. 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಅವರು ಮಂಡಿಸಿ, 1947ರ ಜನವರಿ 22ರಂದು ಸಭೆ ಅಂಗೀಕರಿಸಿದ ಧ್ಯೇಯಗಳ ನಿರ್ಣಯ ಒಂದು. ಇಂದಿನ ಪ್ರಸ್ತಾವನೆ ಇನ್ನೊಂದು. ನ್ಯಾಯ, ಸ್ವಾತಂತ್ರ್ಯ, ಸಮಾನತೆ ಎರಡರಲ್ಲೂ ಇವೆ. ಅಲ್ಪಸಂಖ್ಯಾತರು, ಹಿಂದುಳಿದ ಪ್ರದೇಶಗಳು, ಬುಡಕಟ್ಟು ಪ್ರದೇಶಗಳು ಮತ್ತು ದಮನಿತ ವರ್ಗಗಳಿಗೆ ಸಾಕಷ್ಟು ರಕ್ಷಣೆ ಎಂಬ ಮಾತು ನಿರ್ಣಯದಲ್ಲಿತ್ತು, ಪ್ರಸ್ತಾವನೆಯಲ್ಲಿ ಇಲ್ಲ. ಅದು ಮಾಯವಾಗಲಿಲ್ಲ, ಸಂವಿಧಾನದ ಒಡಲಿನೊಳಗೆ ವಿಧಿಗಳಾಗಿ ಹಂಚಿಹೋಯಿತು. ನಿರ್ಣಯದಲ್ಲಿ ಕಾಣದ ‘ಭ್ರಾತೃತ್ವ’ ಪ್ರಸ್ತಾವನೆಯಲ್ಲಿ ಬಂದು ಕೂತಿದೆ. ಅದನ್ನು ಸೇರಿಸಿದ್ದು ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿ. ಕರಡನ್ನು ಸಲ್ಲಿಸಿದ್ದು 1948ರ ಫೆಬ್ರವರಿಯಲ್ಲಿ. ದೇಶವಿಭಜನೆಯ ರಕ್ತಪಾತ ಇನ್ನೂ ಹಸಿಯಾಗಿದ್ದ, ಗಾಂಧೀಜಿಯವರ ಹತ್ಯೆಯಾಗಿ ಒಂದು ತಿಂಗಳೂ ಕಳೆಯದಿದ್ದ ದಿನಗಳವು. ಆ ದಿನಾಂಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಒಂದು ಪದವನ್ನು ಮತ್ತೊಮ್ಮೆ ಓದಿದರೆ ಅದರ ಅರ್ಥ ಬೇರೆಯಾಗಿ ಕೇಳಿಸುತ್ತದೆ.

ಇನ್ನು 1949ರ ಅಕ್ಟೋಬರ್ 17ರ ನಡಾವಳಿಯನ್ನು ಓದಿ. ಸಭೆಯು ಪ್ರಸ್ತಾವನೆಯನ್ನು ಕೈಗೆತ್ತಿಕೊಂಡದ್ದು ವಿಧಿಗಳ ಚರ್ಚೆಯೆಲ್ಲ ಮುಗಿದ ಮೇಲೆ. ಕಟ್ಟಿದ ಮನೆಗೆ ತಕ್ಕುದಾದ ಹೊಸ್ತಿಲನ್ನು ಕೊನೆಗೆ ಕೂರಿಸಿದಂತೆ ಅದನ್ನು ಅಂಗೀಕರಿಸಲಾಯಿತು. ಅಂದು ಎಚ್. ವಿ. ಕಾಮತ್ ಅವರು ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂಬ ತಿದ್ದುಪಡಿ ತಂದರು. ವಿರೋಧಿಸಿದವರಲ್ಲಿ ದೈವಭಕ್ತರೂ ಇದ್ದರು. ನಂಬಿಕೆ ಮತ್ತು ಉಪಾಸನೆಯ ಸ್ವಾತಂತ್ರ್ಯವನ್ನು ಎಲ್ಲರಿಗೂ ವಾಗ್ದಾನ ಮಾಡುವ ವಾಕ್ಯವೇ ಒಂದು ನಂಬಿಕೆಯನ್ನು ಎಲ್ಲರ ಬಾಯಿಂದ ಹೇಳಿಸುವುದು ಸರಿಯಲ್ಲ ಎಂಬುದು ಅವರ ವಾದದ ತಿರುಳು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದವು. ಪ್ರಸ್ತಾವನೆಯ ಒಂದು ಭಾಗದ ಅರ್ಥವನ್ನು ಇನ್ನೊಂದು ಭಾಗದಿಂದ ನಿರ್ಧರಿಸುವ ವಿಧಾನವನ್ನು ಆ ಸದಸ್ಯರೇ ನಮಗೆ ತೋರಿಸಿಕೊಟ್ಟಿದ್ದಾರೆ.

ಸೇರ್ಪಡೆಯಾದ ಪದಗಳು

‘ಸಮಾಜವಾದಿ’ ಮತ್ತು ‘ಜಾತ್ಯತೀತ’ ಎಂಬ ಪದಗಳೂ, ಏಕತೆಯ ಜೊತೆಗಿನ ‘ಅಖಂಡತೆ’ಯೂ 1949ರ ಪಾಠದಲ್ಲಿರಲಿಲ್ಲ. 1976ರ 42ನೆಯ ತಿದ್ದುಪಡಿ ಅವನ್ನು ಸೇರಿಸಿತು. ಇವುಗಳ ಬಗ್ಗೆ ಓದುವಾಗ ವಾದದ ಬಿಸಿ ಬಹಳವಿರುತ್ತದೆ, ಆದ್ದರಿಂದ ಸಂಗತಿಗಳನ್ನು ಕಾಲಕ್ರಮದಲ್ಲಿ ಜೋಡಿಸಿಕೊಳ್ಳುವುದು ಒಳ್ಳೆಯದು. ರಚನಾ ಸಭೆಯ ಸದಸ್ಯ ಕೆ. ಟಿ. ಶಾ ಅವರು 1948ರ ನವೆಂಬರ್ 15ರಂದೇ ಇಂತಹ ಪದಗಳನ್ನು ಮೊದಲ ವಿಧಿಗೆ ಸೇರಿಸಬೇಕೆಂದು ಕೇಳಿದ್ದರು. ಸಮಾಜದ ಆರ್ಥಿಕ ವ್ಯವಸ್ಥೆ ಹೇಗಿರಬೇಕೆಂಬುದನ್ನು ಮುಂದಿನ ಜನ ಕಾಲಕ್ಕೆ ತಕ್ಕಂತೆ ತೀರ್ಮಾನಿಸಬೇಕು, ಜೊತೆಗೆ ನಿರ್ದೇಶಕ ತತ್ವಗಳಲ್ಲಿ ಸಮಾಜವಾದದ ಆಶಯ ಆಗಲೇ ಇದೆ ಎಂದು ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. 1976ರ ಸೇರ್ಪಡೆ ನಡೆದದ್ದು ತುರ್ತು ಪರಿಸ್ಥಿತಿಯಲ್ಲಿ, ಅಂದರೆ ಅದೇ ಪ್ರಸ್ತಾವನೆಯ ‘ಸ್ವಾತಂತ್ರ್ಯ’ ಎಂಬ ಪದ ಅಮಾನತಿನಲ್ಲಿದ್ದಾಗ. ಇದನ್ನು ಮರೆಯಬಾರದು. 1978ರ 44ನೆಯ ತಿದ್ದುಪಡಿಯು ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೆಯ ವಿಧಿಗಳ ಹಕ್ಕುಗಳನ್ನು ಅಮಾನತಿನಲ್ಲಿಡದಂತೆ ಮಾಡಿದ್ದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಿ. 1994ರ ಎಸ್. ಆರ್. ಬೊಮ್ಮಾಯಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಾತ್ಯತೀತತೆಯನ್ನು ಸಂವಿಧಾನದ ಮೂಲ ಸ್ವರೂಪದ, ಅಂದರೆ ತಿದ್ದುಪಡಿಯಿಂದಲೂ ನಾಶಮಾಡಲಾಗದ ತಿರುಳಿನ, ಅಂಗವೆಂದು ಹೇಳಿತು. ಈ ಪದಗಳ ಸೇರ್ಪಡೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರ್ 25ರಂದು ವಜಾ ಮಾಡಿತು.

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇಂಗ್ಲಿಷಿನ ‘ಸೆಕ್ಯುಲರ್’ ಎಂಬ ಪದಕ್ಕೆ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂಬ ರೂಪಗಳು ನಮ್ಮಲ್ಲಿ ಬಳಕೆಯಲ್ಲಿವೆ. ಮೊದಲನೆಯದು ಜಾತಿಯ ಕಡೆಗೆ ನೋಡುತ್ತದೆ, ಎರಡನೆಯದು ಧರ್ಮದಿಂದ ದೂರ ನಿಲ್ಲುತ್ತದೆ, ಮೂರನೆಯದು ಎಲ್ಲ ಧರ್ಮಗಳನ್ನೂ ಹತ್ತಿರ ಕರೆಯುತ್ತದೆ. ನಿಘಂಟನ್ನು ಹಿಡಿದು ಜಗಳವಾಡಿದರೆ ಇದು ತೀರುವುದಿಲ್ಲ. 25ರಿಂದ 28ರವರೆಗಿನ ವಿಧಿಗಳನ್ನೂ 15ನೆಯ ವಿಧಿಯನ್ನೂ ಓದಿ, ರಾಜ್ಯವು ಧರ್ಮದ ವಿಷಯದಲ್ಲಿ ಏನು ಮಾಡಬಹುದು, ಏನು ಮಾಡಕೂಡದು ಎಂದು ಎರಡು ಸಾಲುಗಳಲ್ಲಿ ಬರೆಯಿರಿ. ಅಲ್ಲಿ ಸಿಗುವುದೇ ಸಂವಿಧಾನದ ಅರ್ಥ.

ಪ್ರಸ್ತಾವನೆಗೆ ಎಷ್ಟು ಬಲ

1960ರ ಬೇರುಬಾರಿ ಪ್ರಕರಣದಲ್ಲಿ ಪ್ರಸ್ತಾವನೆ ಸಂವಿಧಾನದ ಭಾಗವಲ್ಲ ಎಂದಿದ್ದ ಸುಪ್ರೀಂ ಕೋರ್ಟು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು, ಅದನ್ನು ಸಂವಿಧಾನದ ಭಾಗವೆಂದು ಒಪ್ಪಿತು. ಹದಿಮೂರು ನ್ಯಾಯಮೂರ್ತಿಗಳಲ್ಲಿ ಏಳು ಮಂದಿಯ ಬಹುಮತದಿಂದ, ಸಂಸತ್ತು 368ನೆಯ ವಿಧಿಯಡಿ ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ನಾಶಮಾಡಲಾಗದೆಂಬ ಸಿದ್ಧಾಂತ ಅಂದು ಹುಟ್ಟಿತು. ಆ ಮೂಲ ಸ್ವರೂಪ ಯಾವುದೆಂದು ಹೇಳಲು ಹೊರಟ ನ್ಯಾಯಮೂರ್ತಿಗಳು ಪ್ರಸ್ತಾವನೆಯ ಕಡೆಗೆ ತಿರುಗಿದರು. ಬೆಂಗಳೂರಿನ ಗಿರಣಿಯೊಂದರಿಂದ ಬಂದ 1980ರ ಮಿನರ್ವ ಮಿಲ್ಸ್ ಪ್ರಕರಣದಲ್ಲಿ, 3ನೆಯ ಮತ್ತು 4ನೆಯ ಭಾಗಗಳ ನಡುವಣ ಸಮತೋಲವೇ ಸಂವಿಧಾನದ ತಳಹದಿಯ ಅಂಶ ಎಂದು ಕೋರ್ಟು ಹೇಳಿತು. ನಿಮ್ಮ ನೋಟ್‌ಬುಕ್ಕಿನ ಸ್ವಾತಂತ್ರ್ಯದ ಪುಟವೂ ನ್ಯಾಯದ ಪುಟವೂ ಒಂದನ್ನೊಂದು ನುಂಗಬಾರದು ಎಂಬುದು ಇದರ ತಾತ್ಪರ್ಯ.

ಇಷ್ಟಾದರೂ ಪ್ರಸ್ತಾವನೆಯನ್ನೇ ತೋರಿಸಿ ನ್ಯಾಯಾಲಯದಲ್ಲಿ ಹಕ್ಕು ಕೇಳಲಾಗದು. ಅದು ಸರ್ಕಾರಕ್ಕೆ ಹೊಸ ಅಧಿಕಾರ ಕೊಡುವುದಿಲ್ಲ, ವಿಧಿಯ ಮಾತು ಸ್ಪಷ್ಟವಾಗಿರುವಲ್ಲಿ ಅದನ್ನು ಮೀರುವುದೂ ಇಲ್ಲ. ವಿಧಿಯ ಅರ್ಥ ಮಸುಕಾಗಿರುವಲ್ಲಿ ಅದು ಬೆಳಕು ಹಿಡಿಯುತ್ತದೆ. ಸ್ಥಾಪಕ ತತ್ವಗಳೆಲ್ಲವೂ ಅದರಲ್ಲೇ ಇವೆಯೆಂದೂ ಭಾವಿಸಬೇಡಿ. ಒಕ್ಕೂಟದ ಸ್ವರೂಪಕ್ಕೆ 1ನೆಯ ವಿಧಿಯ ‘ರಾಜ್ಯಗಳ ಒಕ್ಕೂಟ’ ಎಂಬ ಮಾತಿಗೂ ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರ ಹಂಚುವ 7ನೆಯ ಅನುಸೂಚಿಗೂ ಹೋಗಬೇಕು. ಕಾರ್ಯಾಂಗದಿಂದ ನ್ಯಾಯಾಂಗವನ್ನು ಬೇರ್ಪಡಿಸುವ ತತ್ವಕ್ಕೆ 50ನೆಯ ವಿಧಿಯನ್ನು ನೋಡಬೇಕು.

ಬರಿದಾಗಿ ಉಳಿಯುವ ಪುಟ

ಭ್ರಾತೃತ್ವದ ಪುಟವನ್ನು ತುಂಬಲು ಹೊರಟಾಗ ವಿಧಿಗಳು ಬೇಗ ಮುಗಿದುಹೋಗುತ್ತವೆ. 17ನ್ನು ಇಲ್ಲಿಯೂ ಬರೆಯಬಹುದು. ಧರ್ಮ, ಭಾಷೆ, ಪ್ರದೇಶಗಳ ಭೇದ ಮೀರಿದ ಸಹೋದರಭಾವವನ್ನು ಬೆಳೆಸುವುದೂ ಹೆಣ್ಣಿನ ಗೌರವಕ್ಕೆ ಕುಂದು ತರುವ ಆಚರಣೆಗಳನ್ನು ಬಿಡುವುದೂ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯಗಳಾಗಿವೆ. ಮೂರನೆಯ ಪ್ರಶ್ನೆಯ ಎದುರು, ಅಂದರೆ ನಡೆಯದಿದ್ದರೆ ಎಲ್ಲಿಗೆ ಹೋಗಬೇಕು ಎಂಬಲ್ಲಿ, ಬರೆಯಲು ಹೆಚ್ಚೇನೂ ಸಿಗುವುದಿಲ್ಲ. ಭ್ರಾತೃತ್ವ ಮೊದಲು ಸುನಿಶ್ಚಿತಗೊಳಿಸಬೇಕಾದದ್ದು ವ್ಯಕ್ತಿಗೌರವವನ್ನು, ಅನಂತರ ರಾಷ್ಟ್ರದ ಏಕತೆಯನ್ನು ಎಂಬ ಕ್ರಮವನ್ನು ಪ್ರಸ್ತಾವನೆಯಲ್ಲಿ ಗಮನಿಸಿ. ಒಬ್ಬೊಬ್ಬರ ಘನತೆಯನ್ನು ಕಾಯದೆ ಕಟ್ಟಿದ ಏಕತೆ ನಿಲ್ಲದೆಂದು ಆ ಕ್ರಮವನ್ನು ನಾನು ಓದುತ್ತೇನೆ.

1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅವರು ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ಒಂದರಿಂದೊಂದು ಬೇರ್ಪಡಿಸಲಾಗದ ತ್ರಯವೆಂದು ಕರೆದರು. 1950ರ ಜನವರಿ 26ರಂದು ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆ ಇರುತ್ತದೆ ಎಂದು ಎಚ್ಚರಿಸಿದರು. ನೋಟ್‌ಬುಕ್ಕಿನ ಪುಟಗಳನ್ನು ಒಟ್ಟಿಗೆ ಹರಡಿ ನೋಡುವಾಗ ಈ ಮಾತನ್ನು ಅಳತೆಗೋಲಾಗಿ ಬಳಸಿ. ಮತದಾನದ ಎದುರು ಬರೆದಷ್ಟು ಖಚಿತವಾದ ಉತ್ತರವನ್ನು ಆರ್ಥಿಕ ನ್ಯಾಯದ ಎದುರು ಬರೆಯಲು ಆಗುತ್ತಿದೆಯೇ ಎಂದು ಕೇಳಿಕೊಳ್ಳಿ.

ಅಭ್ಯಾಸ

ಓದು ಕೈಗೂಡಿದೆಯೇ ಎಂದು ತಿಳಿಯಲು ಹೊಸದಾಗಿ ಬಂದ ಒಂದು ಮಸೂದೆಯನ್ನೋ ಸರ್ಕಾರಿ ಆದೇಶವನ್ನೋ ತೆಗೆದುಕೊಳ್ಳಿ. ಅದು ಮೂರು ಉದ್ದೇಶಗಳಲ್ಲಿ ಯಾವುದನ್ನು ಮುಟ್ಟುತ್ತದೆ, ಯಾವ ವಿಧಿಯ ಮೂಲಕ ಮುಟ್ಟುತ್ತದೆ, ಒಂದು ಉದ್ದೇಶವನ್ನು ಸಾಧಿಸಲು ಇನ್ನೊಂದನ್ನು ಕುಗ್ಗಿಸುತ್ತಿದೆಯೇ ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಮೆಚ್ಚುವ ಸರ್ಕಾರದ ಒಂದು ಆದೇಶ, ಮೆಚ್ಚದ ಸರ್ಕಾರದ ಒಂದು ಆದೇಶ ಎರಡಕ್ಕೂ ಅದೇ ಪ್ರಶ್ನೆಗಳನ್ನು ಹಾಕಬೇಕು. ಮೊದಮೊದಲು ಇದು ಕಷ್ಟವಾಗುತ್ತದೆ.

ಮುಂದೆ ಓದುವ ಮನಸ್ಸಿದ್ದವರು ಸಂವಿಧಾನ ರಚನಾ ಸಭೆಯ ನಡಾವಳಿಗಳಲ್ಲಿ ಐದು ದಿನಗಳನ್ನು ಈ ಕ್ರಮದಲ್ಲಿ ಓದಬಹುದು. ಧ್ಯೇಯಗಳ ನಿರ್ಣಯ ಮಂಡನೆಯಾದ 1946ರ ಡಿಸೆಂಬರ್ 13, ಅಂಬೇಡ್ಕರ್ ಕರಡನ್ನು ಮಂಡಿಸಿದ 1948ರ ನವೆಂಬರ್ 4, ಅಸ್ಪೃಶ್ಯತಾ ನಿರ್ಮೂಲನದ ವಿಧಿ ಅಂಗೀಕಾರವಾದ 1948ರ ನವೆಂಬರ್ 29, ಪ್ರಸ್ತಾವನೆಯ ಚರ್ಚೆ ನಡೆದ 1949ರ ಅಕ್ಟೋಬರ್ 17, ಕೊನೆಯದಾಗಿ 1949ರ ನವೆಂಬರ್ 25. ಇವನ್ನು ಓದಿದ ಮೇಲೆ ಪ್ರಸ್ತಾವನೆಯ ಆ ಒಂದು ವಾಕ್ಯಕ್ಕೆ ಮರಳಿ ಬಂದು, ಗೆರೆ ಎಳೆದ ಮೂರು ಕ್ರಿಯಾಪದಗಳಲ್ಲಿ ತಡೆಯುತ್ತ, ಅದನ್ನು ಗಟ್ಟಿಯಾಗಿ ಒಮ್ಮೆ ಓದಿ.